ಇಲ್ಲದ ಸೇನೆಗೆ ಇತಿಹಾಸ ಇದೆ, ಇದ್ದವರಿಗೆ?

ಸ್ಟಾರ್ ವಾರ್ಸ್ ಸಿನಿಮಾ ಲೋಕದಲ್ಲಿ ‘501ನೇ ಲೀಜನ್’ ಅಂತ ಒಂದು ಸೇನೆ. ಪೂರ್ತಿ ಕಲ್ಪನೆ. ಅದರ ಕ್ಯಾಪ್ಟನ್ ರೆಕ್ಸ್‌ನ ನಂಬರು ಸಿಟಿ-7567 ಅಂತ ಮಧುಗಿರಿ ಬಸ್‌ಸ್ಟ್ಯಾಂಡಲ್ಲಿ ಕೂತಿದ್ದ ಕಾಲೇಜು ಹುಡುಗ ಥಟ್ಟನೆ ಹೇಳಿದ. ಪಕ್ಕದ ಹಿರಿಯರು ರೇಗಿದರು: ‘ಇಲ್ಲದ್ದೆಲ್ಲ ತಲೆಗೆ ತುಂಬ್ಕೊಂಡು ಹಾಳಾಗ್ತಾವೆ!’

ತಪ್ಪು ಹುಡುಗನದಲ್ಲ ಸ್ವಾಮಿ, ನಮ್ಮದು.

ಆ ಸೇನೆಗೆ ಹೆಸರಿಟ್ಟವರು ಸಿನಿಮಾದವರಲ್ಲ. 1997ರಲ್ಲಿ ಅಮೆರಿಕದ ಅಭಿಮಾನಿಗಳು ಸೈನಿಕರ ವೇಷ ಹಾಕಿ ಕಟ್ಟಿದ ಸಂಘದ ಹೆಸರದು. ಆಮೇಲೆ ಕಂಪನಿಯೇ ಅದನ್ನು ಕಥೆಗೆ ಸೇರಿಸಿಕೊಂಡಿತು. ಮುಖವೇ ಕಾಣದ ಸಿಪಾಯಿಗೂ ಒಂದು ಗುರುತು ಬೇಕು ಅಂತ ಅವರಿಗೆ ಅನಿಸಿತು.

ನಮಗೆ ಅನಿಸಿತಾ? 1761ರಲ್ಲಿ ಹೈದರಾಲಿ ಶಿರಾ ಹಿಡಿದ. ಅಷ್ಟು ಪುಸ್ತಕದಲ್ಲಿದೆ. ಕೋಟೆ ಕಾದ ಸಿಪಾಯಿ ಯಾವ ಊರಿನವನು? ಯಾರೂ ಕೇಳಲಿಲ್ಲ. 1918ರ ಸೆಪ್ಟೆಂಬರ್ 23ರಂದು ಮೈಸೂರು ಲ್ಯಾನ್ಸರ್ಸ್ ಕುದುರೆ ಪಡೆ ಜೋಧಪುರದವರ ಜೊತೆ ಸೇರಿ ಹೈಫಾ ಪಟ್ಟಣ ಗೆದ್ದಿತು. ದಿಲ್ಲಿಯ ತೀನ್ ಮೂರ್ತಿಯಲ್ಲಿ ಅವರ ನೆನಪಿನ ಪ್ರತಿಮೆ ಇದೆ. ನಮ್ಮ ಮಕ್ಕಳಿಗೆ ಎಂದಾದರೂ ಹೇಳಿದ್ದೀವಾ?

ದಿಲ್ಲಿ ದೂರ, ಬಿಡಿ. ಊರ ದನ ಉಳಿಸಲು ಕಾದಾಡಿ ಸತ್ತವರಿಗೆ ಹಿಂದಿನವರು ವೀರಗಲ್ಲು ನೆಟ್ಟರು. ಅಂಥ ಕಲ್ಲಿನ ಮೇಲೆ ಬಟ್ಟೆ ಒಗೆಯೋದನ್ನ ನಾನೇ ಕಂಡಿದ್ದೇನೆ.

ಕೊರಟಗೆರೆಯವರೇ, ಪಾವಗಡದವರೇ, ಹುಡುಗರನ್ನ ಬಯ್ಯಬೇಡಿ. ಊರ ವೀರಗಲ್ಲಿನ ಹತ್ತಿರ ಕರ್ಕೊಂಡು ಹೋಗಿ. ಸುಣ್ಣ ಬಳಿಯಬೇಡಿ, ಬರೀ ನೀರಲ್ಲಿ ತೊಳೆದು ಫೋಟೊ ತೆಗೆಸಿ. ಅಜ್ಜಿ ಹೇಳೋ ಕಥೆ ಅದೇ ಫೋನಲ್ಲಿ ರೆಕಾರ್ಡ್ ಆಗಲಿ. ನೆನಪಿಡೋ ತಲೆ ಅವರಿಗಿದೆ. ನೆನಪಿಡೋಕೆ ಏನಾದರೂ ಕೊಡಬೇಕಾದವರು ನಾವು.