ದಾನದ ಗೊಂಬೆಯ ಹಲ್ಲನ್ನು ಕೊಡುವವರೇ ನೋಡಲಿ

ದೀಪಾವಳಿಗೆ ಎರಡು ಮೂರು ವಾರ ಇದೆ ಎನ್ನುವಾಗ ಸಾನಪಾಡಾದ ನಮ್ಮಂಥ ಹೌಸಿಂಗ್ ಸೊಸೈಟಿಗಳ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಒಂದೇ ಬಗೆಯ ಸಂದೇಶ ಓಡಾಡುತ್ತದೆ: ‘ಹಳೆಯ ಆಟಿಕೆಗಳಿವೆ, ಯಾರಿಗಾದರೂ ಬೇಕೆ?’ ಫೋಟೊದಲ್ಲಿ ಕೂದಲು ಗಂಟುಗಂಟಾದ ಬಾರ್ಬಿ, ಕೆನ್ನೆಗೆ ಬಾಲ್‌ಪೆನ್ನಿನ ಗೀರು ಬಿದ್ದ ಪಾಪು ಗೊಂಬೆ. ಸೊಸೈಟಿಯಲ್ಲಿ ಯಾರೂ ಕೇಳದಿದ್ದರೆ ಚೀಲ ಮನೆಗೆಲಸದವರ ಕೈಗೆ ಹೋಗುತ್ತದೆ. ಕೊಟ್ಟವರಿಗೆ ಕಪಾಟು ಖಾಲಿಯಾದ ನೆಮ್ಮದಿ, ಜೊತೆಗೆ ಒಂದಿಷ್ಟು ಪುಣ್ಯ.

ಕೊಡುವುದು ಒಳ್ಳೆಯದೇ. ಆದರೆ ಕೊಡುವ ಮುನ್ನ ಪರೀಕ್ಷಿಸಿ ತೊಳೆಯುವ ಹೊಣೆಯೂ ಕೊಡುವವರದೇ. ದಾನ ಕೊಟ್ಟ ಹಸುವಿನ ಹಲ್ಲು ನೋಡಬಾರದು ಎಂಬ ಗಾದೆ ಇರುವುದು ತೆಗೆದುಕೊಳ್ಳುವವರಿಗೆ. ಸಂಬಳ ಕೊಡುವ ಮನೆಯವರು ಚೀಲ ನೀಡಿದಾಗ ‘ಇದು ಬೇಡ ದೀದಿ’ ಎನ್ನಲು ಎಷ್ಟು ಜನರಿಗೆ ಬಾಯಿ ಬಂದೀತು? ಅವರು ನೋಡಲಾಗದ ಹಲ್ಲನ್ನು ನಾವೇ ನೋಡಬೇಕು.

ಇಲ್ಲಿ ಸರ್ಕಾರದ ನಿಯಮವೂ ನೆರವಿಗೆ ಬಾರದು. 2021ರ ಜನವರಿ 1ರಿಂದ ಮಕ್ಕಳ ಆಟಿಕೆಗಳಿಗೆ ಐಎಸ್‌ಐ ಮುದ್ರೆ ಕಡ್ಡಾಯವಾಗಿದೆ. ಅದಕ್ಕೂ ಮೊದಲೇ ತಯಾರಾಗಿ ಅಟ್ಟ ಸೇರಿದ ಗೊಂಬೆಗೆ ಆ ರಕ್ಷಣೆ ಇಲ್ಲ. ಮೆತ್ತನೆಯ ಗೊಂಬೆಗಳಲ್ಲಿ ಬಹಳಷ್ಟು ಪಿವಿಸಿಯವು. ಪಿವಿಸಿ ಮೂಲತಃ ಗಟ್ಟಿ. ಅದನ್ನು ಮೆದುಗೊಳಿಸಲು ಥಾಲೇಟ್‌ನಂಥ ಎಣ್ಣೆಯ ಸ್ವಭಾವದ ರಾಸಾಯನಿಕ ಬೆರೆಸುತ್ತಾರೆ. ಅದು ಪ್ಲಾಸ್ಟಿಕ್ಕಿನೊಳಗೆ ಗಟ್ಟಿಯಾಗಿ ಕೂತಿರುವುದಿಲ್ಲ, ವರ್ಷ ಕಳೆದಂತೆ ಹೊರಗೆ ಒಸರುತ್ತದೆ. ಕೆಲವು ಥಾಲೇಟ್‌ಗಳು ಹಾರ್ಮೋನುಗಳ ಕೆಲಸ ಕೆಡಿಸುತ್ತವೆ. ಹಳೆಯ ಬಣ್ಣ ಮತ್ತು ಪಿವಿಸಿಯಲ್ಲಿ ಸೀಸ, ಕ್ಯಾಡ್ಮಿಯಂ ಕೂಡ ಇರಬಹುದು. ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕುವ ಮಗುವಿಗೆ ಇದು ಸಣ್ಣ ವಿಷಯವಲ್ಲ.

ಹಾಗಾದರೆ ಗೊಂಬೆಯ ವಯಸ್ಸು ತಿಳಿಯುವುದು ಹೇಗೆ? ಬೆನ್ನಿನ ಮೇಲಿನ ಇಸವಿಯನ್ನು ಕಣ್ಣು ಮುಚ್ಚಿ ನಂಬಬೇಡಿ. ಬಾರ್ಬಿಯ ಬೆನ್ನಿನಲ್ಲಿ 1966 ಎಂದಿದ್ದರೆ ಅದು ಆ ಮೈಯಚ್ಚಿನ ಹಕ್ಕುಸ್ವಾಮ್ಯದ ವರ್ಷ. 1990ರ ದಶಕದ ಗೊಂಬೆಗಳಲ್ಲೂ ಅದೇ ಅಂಕಿ ಕಾಣುತ್ತದೆ. ನಮ್ಮ ಸಾಫ್ಟ್‌ವೇರ್ ಭಾಷೆಯಲ್ಲಿ ಹೇಳುವುದಾದರೆ ಅದು ಲೈಸೆನ್ಸ್‌ನ ವರ್ಷ, ಬಿಲ್ಡ್ ಆದ ದಿನವಲ್ಲ. ತಯಾರಾದ ದೇಶದ ಹೆಸರು, ಐಎಸ್‌ಐ ಮುದ್ರೆ ಇರುವ ಡಬ್ಬಿ, ಕೊಂಡ ವರ್ಷದ ನೆನಪು, ಇವು ಹೆಚ್ಚು ಉಪಯೋಗಕ್ಕೆ ಬರುತ್ತವೆ. ಆಮೇಲೆ ಕೈಯಿಂದ ಮುಟ್ಟಿ ನೋಡಿ. ತೊಳೆದು ಒರೆಸಿದ ಕೆಲವು ದಿನಕ್ಕೆ ಮತ್ತೆ ಅಂಟಂಟಾದರೆ ಅದು ಕೊಳೆಯಲ್ಲ, ಒಳಗಿನಿಂದ ಬರುತ್ತಿರುವ ಜಿಡ್ಡು. ಅಂಥದ್ದು, ಬಣ್ಣ ಚಕ್ಕೆ ಏಳುತ್ತಿರುವುದು, ಕಣ್ಣು ಗುಂಡಿ ಸಡಿಲವಾದದ್ದು ಯಾವ ಮಗುವಿನ ಕೈಗೂ ಹೋಗಬಾರದು. ಒಣಕಸಕ್ಕೆ ಹಾಕಿ. ಸುಡಲೇಬೇಡಿ, ಪಿವಿಸಿಯ ಹೊಗೆ ವಿಷ.

ಉಳಿದವನ್ನು ತೊಳೆಯಲು ಅರ್ಧ ಗಂಟೆ ಸಾಕು. ಉಗುರುಬೆಚ್ಚಗಿನ ನೀರು, ಎರಡು ಹನಿ ಪಾತ್ರೆ ತೊಳೆಯುವ ಲಿಕ್ವಿಡ್, ಮೆದುವಾದ ಹಳೆಯ ಟೂತ್‌ಬ್ರಷ್. ಮುಚ್ಚಿ ತೆರೆಯುವ ಕಣ್ಣಿನ ಗೊಂಬೆಯನ್ನು ಮುಳುಗಿಸಬೇಡಿ, ಒಳಗಿನ ಲೋಹ ತುಕ್ಕು ಹಿಡಿಯುತ್ತದೆ. ನೇಲ್‌ಪಾಲಿಶ್ ರಿಮೂವರ್ ಬೇಡ, ಅದರ ಅಸಿಟೋನ್ ಬಣ್ಣದ ಜೊತೆಗೆ ಗಟ್ಟಿ ಪ್ಲಾಸ್ಟಿಕ್ಕನ್ನೂ ಕರಗಿಸುತ್ತದೆ. ಕೂದಲಿಗೆ ಶಾಂಪೂ, ಕಂಡಿಷನರ್ ಹಾಕಿ ತುದಿಯಿಂದ ಮೇಲಕ್ಕೆ ಸ್ವಲ್ಪ ಸ್ವಲ್ಪವೇ ಬಾಚಿ. ನವಿ ಮುಂಬೈಯ ತೇವದ ಗಾಳಿಯಲ್ಲಿ ಬೂಷ್ಟು ಬೇಗ ಹಿಡಿಯುತ್ತದೆ. ಫ್ಯಾನಿನ ಕೆಳಗೆ ಪೂರ್ತಿ ಒಣಗಿದ ಮೇಲೆಯೇ ಚೀಲಕ್ಕೆ ಹಾಕಿ.

‘ಏನೂ ಇಲ್ಲದ ಮಕ್ಕಳಿಗೆ ಯಾವುದೋ ಒಂದು ಗೊಂಬೆ ಸಿಕ್ಕರೆ ಸಾಲದೆ?’ ಎನ್ನುವವರಿದ್ದಾರೆ. ನಮ್ಮ ಮಗುವಿನ ಬಾಯಿಗೆ ಬೇಡವಾದದ್ದು ಅವರ ಮಗುವಿನ ಬಾಯಿಗೆ ಹೇಗೆ ಸರಿಹೋಗುತ್ತದೆ ಎಂಬುದೇ ನನ್ನ ಮರುಪ್ರಶ್ನೆ.

ಮೈಸೂರು ಸೀಮೆಯಲ್ಲಿ ನವರಾತ್ರಿಗೆ ಗೊಂಬೆ ಕೂರಿಸುವ ಮನೆಗಳನ್ನು ನೆನೆಯಿರಿ. ಹಬ್ಬ ಮುಗಿದ ಮೇಲೆ ಒಂದೊಂದು ಗೊಂಬೆಯನ್ನೂ ಒರೆಸಿ, ಹಳೆಯ ಹತ್ತಿಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಗೆ ಇಡುತ್ತಾರೆ. ಪಟ್ಟದ ಗೊಂಬೆಯಂತೂ ತವರಿನಿಂದ ಮಗಳ ಜೊತೆ ಹೋಗುತ್ತದೆ. ಗೊಂಬೆ ಕೈಯಿಂದ ಕೈಗೆ ದಾಟುವಾಗ ಹೇಗಿರಬೇಕು ಎಂಬುದು ನಮಗೆ ಗೊತ್ತಿಲ್ಲದ್ದೇನಲ್ಲ. ಊರು ಬಿಟ್ಟು ಬಂದವರು ಆ ರೂಢಿಯನ್ನು ಪ್ಲಾಸ್ಟಿಕ್ ಗೊಂಬೆಗೂ ತಂದರೆ ಸಾಕು. ಈ ದೀಪಾವಳಿಗೆ ಗುಂಪಿನಲ್ಲಿ ‘ಯಾರಿಗಾದರೂ ಬೇಕೆ’ ಎಂದು ಕೇಳುವ ಮುಂಚೆ ‘ಪರೀಕ್ಷಿಸಿದೆ, ತೊಳೆದಿದೆ’ ಎಂಬ ಎರಡು ಪದ ಸೇರಿಸುವಂತಾಗಲಿ.