ಚರ್ಮಕ್ಕೂ ಹಾಸುಹೊಕ್ಕು ಉಂಟು

ಗುಳೇದಗುಡ್ಡದ ಖಣವನ್ನು ಕುಪ್ಪಸಕ್ಕೆಂದು ಕೈಗೆತ್ತಿಕೊಂಡ ದರ್ಜಿ ಕೂಡಲೇ ಕತ್ತರಿ ಹಾಕುವುದಿಲ್ಲ. ಬಟ್ಟೆಯನ್ನು ಹರವಿ, ಎಳೆ ಯಾವ ಕಡೆಗೆ ಓಡಿದೆ, ಹೊಲಿಗೆ ಎಲ್ಲಿ ಬೀಳುತ್ತದೆ ಎಂದು ಮೊದಲು ನೋಡುತ್ತಾನೆ. ಇಳಕಲ್ಲಿನ ನೇಕಾರನೂ ಹಾಗೆಯೇ. ಸೀರೆಯ ಒಡಲಿನ ಹಾಸಿಗೂ ಸೆರಗಿನ ರೇಷ್ಮೆಯ ಹಾಸಿಗೂ ಎಳೆಎಳೆಯಾಗಿ ಕೊಂಡಿ ಹಾಕಿ ಕೂಡಿಸುವವನಿಗೆ, ಆ ಕೂಡುವ ಜಾಗ ಎಲ್ಲಿರಬೇಕೆಂಬುದು ಮಗ್ಗಕ್ಕೆ ಕೂಡುವ ಮೊದಲೇ ಗೊತ್ತಿರುತ್ತದೆ. ಮನುಷ್ಯನ ಚರ್ಮವನ್ನು ಕೊಯ್ಯುವ ಶಸ್ತ್ರವೈದ್ಯರ ಲೆಕ್ಕವೂ ಇದೇ. ಸ್ತನ ಕ್ಯಾನ್ಸರಿನ ಶಸ್ತ್ರಕ್ರಿಯೆಯಲ್ಲಂತೂ ಈ ಲೆಕ್ಕ ತಪ್ಪಿದರೆ ಅದರ ಗುರುತು ಜೀವನಪೂರ್ತಿ ಉಳಿಯುತ್ತದೆ.

ವಿದ್ಯಾರ್ಥಿಗಳು ಓದುವ ಅಂಕಣದಲ್ಲಿ ಈ ವಿಷಯವೇಕೆ ಎಂದು ಕೆಲವರಿಗೆ ಅನಿಸಬಹುದು. ಭಾರತದ ಮಹಿಳೆಯರಲ್ಲಿ ಇಂದು ಅತಿ ಹೆಚ್ಚಾಗಿ ಕಾಣಿಸುವ ಕ್ಯಾನ್ಸರ್ ಇದು. ಬಾದಾಮಿ, ಹುನಗುಂದದ ಹಳ್ಳಿಗಳಲ್ಲಿ ಗಂಟು ಕೈಗೆ ಹತ್ತಿದರೂ ‘ನೋವೇನಿಲ್ಲ ಬಿಡು’ ಎಂದು ಸುಮ್ಮನಿರುವ ತಾಯಂದಿರಿದ್ದಾರೆ. ಈ ಗಂಟು ಶುರುವಿಗೆ ಬಹುಮಟ್ಟಿಗೆ ನೋಯುವುದೇ ಇಲ್ಲ ಎಂಬುದನ್ನು ಅವರಿಗೆ ಯಾರೂ ಹೇಳಿರುವುದಿಲ್ಲ. ಕೊನೆಗೆ ಆಸ್ಪತ್ರೆಗೆ ಹೋಗುವ ದಿನ ಜೊತೆಗೆ ನಡೆಯುವವರು, ಚೀಟಿ ಓದಿ ಹೇಳುವವರು ಕಾಲೇಜಿಗೆ ಹೋಗುವ ಮಗಳು ಅಥವಾ ಮಗ. ಆದ್ದರಿಂದ ಅವರಿಗೆ ಇದು ತಿಳಿದಿರಲೇಬೇಕು.

ಚರ್ಮಕ್ಕೆ ಹಾಸುಹೊಕ್ಕು ಇದೆ ಎಂದದ್ದು ಬರಿಯ ಹೋಲಿಕೆಯಲ್ಲ. 1861ರಲ್ಲಿ ವಿಯೆನ್ನಾದ ಅಂಗರಚನಾ ಶಾಸ್ತ್ರಜ್ಞ ಕಾರ್ಲ್ ಲಾಂಗರ್ ಶವಗಳ ಚರ್ಮವನ್ನು ದಬ್ಬಳದಂಥ ದುಂಡು ಮೊನೆಯಿಂದ ಚುಚ್ಚಿ ನೋಡಿದ. ತೂತು ದುಂಡಗೆ ಉಳಿಯದೆ ಒಂದು ದಿಕ್ಕಿಗೆ ಸೀಳಿನಂತೆ ಉದ್ದವಾಯಿತು. ಮೈಯುದ್ದಕ್ಕೂ ಚುಚ್ಚಿ, ಆ ಸೀಳುಗಳನ್ನು ಒಂದಕ್ಕೊಂದು ಕೂಡಿಸಿದಾಗ ಗೆರೆಗಳ ನಕ್ಷೆಯೊಂದು ಮೂಡಿತು. ಚರ್ಮದೊಳಗಿನ ಕೊಲಾಜನ್ ನಾರುಗಳು ಹೆಚ್ಚಾಗಿ ಆ ದಿಕ್ಕಿನಲ್ಲೇ ಹಾಸಿಕೊಂಡಿರುವುದು ಇದಕ್ಕೆ ಕಾರಣ. ಇವನ್ನೇ ‘ಲಾಂಗರ್ ರೇಖೆಗಳು’ ಎನ್ನುತ್ತಾರೆ. ಗೆರೆಯ ಗುಂಟ ಕೊಯ್ದರೆ ಗಾಯದ ಅಂಚುಗಳು ಹತ್ತಿರವೇ ನಿಲ್ಲುತ್ತವೆ. ಕಲೆ ಸಣ್ಣ ಗೆರೆಯಾಗಿ ಮಾಯುತ್ತದೆ. ಗೆರೆಗೆ ಅಡ್ಡವಾಗಿ ಕೊಯ್ದರೆ ಎರಡೂ ಕಡೆಯ ಎಳೆತಕ್ಕೆ ಗಾಯ ಬಾಯಿಬಿಡುತ್ತದೆ. ಕಲೆ ಅಗಲವಾಗುತ್ತದೆ, ಉಬ್ಬುತ್ತದೆ.

ಆದ್ದರಿಂದಲೇ ಸ್ತನದ ಮೇಲ್ಭಾಗದಲ್ಲಿ ಗಂಟಿದ್ದರೆ ವೈದ್ಯರು ಸಾಮಾನ್ಯವಾಗಿ ಬಿಲ್ಲಿನಂತೆ ಬಾಗಿದ ಛೇದ ಹಾಕುತ್ತಾರೆ. ಕೆಳಭಾಗದಲ್ಲಿದ್ದರೆ, ತೊಟ್ಟು ಕೆಳಕ್ಕೆ ಜಗ್ಗದಿರಲೆಂದು, ಚಕ್ರದ ಅರದಂತೆ ನೇರ ಗೆರೆಯನ್ನು ಆರಿಸುವುದುಂಟು. ಅನುಕೂಲವಿದ್ದಲ್ಲಿ ತೊಟ್ಟಿನ ಸುತ್ತಲಿನ ಕಪ್ಪು ವರ್ತುಲದ ಅಂಚಿನಲ್ಲೋ ಸ್ತನದ ಕೆಳಮಡಿಕೆಯಲ್ಲೋ ಕೊಯ್ದರೆ ಕಲೆ ಕಣ್ಣಿಗೆ ಬೀಳುವುದೇ ಕಡಿಮೆ. ಎದೆಯ ನಡುಗೂಡಿನ ಮೇಲೆ ಮಾತ್ರ ಛೇದ ಬರದಂತೆ ಆದಷ್ಟೂ ನೋಡಿಕೊಳ್ಳುತ್ತಾರೆ. ಅಲ್ಲಿ ಕಲೆ ಗಡ್ಡೆಯಂತೆ ಬೆಳೆಯುವ ಸಂಭವ ಹೆಚ್ಚು. ಪೂರ್ತಿ ಸ್ತನವನ್ನು ತೆಗೆಯಬೇಕಾದಾಗಲೂ ಅಡ್ಡವಾಗಿ ಅಥವಾ ತುಸು ಓರೆಯಾಗಿ ಕೊಯ್ದು, ಕುಪ್ಪಸದ ಕೊರಳಿನಿಂದ ಕಲೆ ಇಣುಕದಂತೆ ಕೆಳಗಿಡುತ್ತಾರೆ. ಆದರೆ ಒಂದು ಮಾತು. ಚೆಲುವಿನ ಲೆಕ್ಕ ಎರಡನೆಯದು. ರೋಗದ ಗಂಟು, ಸುತ್ತಲಿನ ಒಂದಿಷ್ಟು ಆರೋಗ್ಯವಂತ ಅಂಗಾಂಶದೊಡನೆ, ಪೂರ್ತಿ ಹೊರಬರುವುದು ಮೊದಲನೆಯದು.

ನಮ್ಮ ಊರುಗಳಲ್ಲಿ ಎಡವಟ್ಟಾಗುವುದು ಇದಕ್ಕೂ ಮುಂಚಿನ ಹೆಜ್ಜೆಯಲ್ಲಿ. ಗಂಟು ಕಂಡ ಕೂಡಲೇ ‘ಸಣ್ಣದು, ತೆಗೆದುಬಿಟ್ಟರಾಯಿತು’ ಎಂದು ಕೊಯ್ದುಬಿಡುವುದುಂಟು. ಆಮೇಲೆ ಪರೀಕ್ಷೆಯಲ್ಲಿ ಅದು ಕ್ಯಾನ್ಸರ್ ಎಂದು ತಿಳಿಯುತ್ತದೆ. ಆಗ ಎರಡನೆಯ ಶಸ್ತ್ರಕ್ರಿಯೆ ಮಾಡುವವರು ಹಳೆಯ ಗಾಯದ ಜಾಗವನ್ನೂ ಸೇರಿಸಿ ತೆಗೆಯಬೇಕಾಗುತ್ತದೆ. ಮೊದಲ ಛೇದ ಎಲ್ಲೆಂದರಲ್ಲಿ ಬಿದ್ದಿದ್ದರೆ ಉಳಿಸಬಹುದಾಗಿದ್ದ ಚರ್ಮವೂ ಹೋಗುತ್ತದೆ, ಕೆಲವೊಮ್ಮೆ ಉಳಿಸಬಹುದಾಗಿದ್ದ ಸ್ತನವೂ ಹೋಗುತ್ತದೆ. ಆದ್ದರಿಂದ ಮೊದಲು ಸೂಜಿ, ಆಮೇಲೆ ಚಾಕು. ದಪ್ಪ ಸೂಜಿಯಿಂದ ಗಂಟಿನ ಚೂರನ್ನು ತೆಗೆದು ಪರೀಕ್ಷಿಸುವುದಕ್ಕೆ ಆಸ್ಪತ್ರೆಯಲ್ಲಿ ಮಲಗಬೇಕಿಲ್ಲ. ಉಳಿಯುವ ಗುರುತು ಚುಕ್ಕೆಯಷ್ಟು. ಸೂಜಿ ಚುಚ್ಚಿದರೆ ರೋಗ ಹರಡುತ್ತದೆ ಎಂಬ ಹೆದರಿಕೆಗೆ ಆಧಾರವಿಲ್ಲ.

ಇನ್ನೊಂದು ಹೆದರಿಕೆ, ಹೋದರೆ ಸ್ತನವನ್ನೇ ತೆಗೆಯುತ್ತಾರೆ ಎಂಬುದು. ಇದು ಹಳೆಯ ಕಾಲದ ನೆನಪು. 1894ರಲ್ಲಿ ಅಮೆರಿಕದ ವಿಲಿಯಂ ಹಾಲ್‌ಸ್ಟೆಡ್ ಸ್ತನದೊಡನೆ ಎದೆಯ ಸ್ನಾಯು, ಕಂಕುಳಿನ ಗ್ರಂಥಿಗಳನ್ನೂ ತೆಗೆಯುವ ತನ್ನ ವಿಧಾನವನ್ನು ಪ್ರಕಟಿಸಿದ. ಮುಂದೆ ಎಷ್ಟೋ ದಶಕ ಅದೇ ನಡೆದುಬಂತು. ಇಟಲಿಯ ಮಿಲಾನ್ ನಗರದಲ್ಲಿ ಉಂಬರ್ಟೊ ವೆರೊನೇಸಿ 1973ರಿಂದ 1980ರವರೆಗೆ, 2 ಸೆಂಟಿಮೀಟರಿಗಿಂತ ದೊಡ್ಡದಲ್ಲದ ಗಂಟಿದ್ದ 701 ಮಹಿಳೆಯರನ್ನು ಎರಡು ಗುಂಪು ಮಾಡಿ ಹೋಲಿಸಿದರು. ಒಂದು ಗುಂಪಿಗೆ ಹಾಲ್‌ಸ್ಟೆಡ್ ಶಸ್ತ್ರಕ್ರಿಯೆ. ಇನ್ನೊಂದಕ್ಕೆ ಸ್ತನದ ಕಾಲುಭಾಗವನ್ನಷ್ಟೇ ತೆಗೆದು ವಿಕಿರಣ ಚಿಕಿತ್ಸೆ. 2002ರಲ್ಲಿ ಪ್ರಕಟವಾದ ಇಪ್ಪತ್ತು ವರ್ಷಗಳ ಲೆಕ್ಕದಲ್ಲಿ ಬದುಕುಳಿದವರ ಪ್ರಮಾಣ ಎರಡೂ ಗುಂಪಿನಲ್ಲಿ ಒಂದೇ ಆಗಿತ್ತು. ಅಮೆರಿಕದಲ್ಲಿ ಬರ್ನಾರ್ಡ್ ಫಿಶರ್ ನಡೆಸಿದ ಅಧ್ಯಯನವೂ ಇದನ್ನೇ ಹೇಳಿತು. ಅಂದರೆ ಬೇಗ ಬಂದವರಿಗೆ ಕಲೆಯೂ ಸಣ್ಣದು. ತಡಮಾಡಿದಷ್ಟೂ ಆಯ್ಕೆ ಕಡಿಮೆಯಾಗುತ್ತದೆ.

ಗಾಯ ಮಾಯುವುದಕ್ಕೂ ತನ್ನದೇ ಕಾಲಮಾನವಿದೆ. ಮೂರು ವಾರಕ್ಕೆ ಗಾಯದ ಬಲ ಮೊದಲಿನ ಚರ್ಮದ ಐದನೆಯ ಒಂದು ಭಾಗದಷ್ಟಿದ್ದರೆ, ಮೂರು ತಿಂಗಳಿಗೆ ಸುಮಾರು ನೂರಕ್ಕೆ 80ರಷ್ಟಾಗುತ್ತದೆ. ಪೂರ್ತಿ ಬಲ ಮರಳಿ ಬರುವುದೇ ಇಲ್ಲ. ಮೊದಲ ತಿಂಗಳುಗಳಲ್ಲಿ ಕಲೆ ಕೆಂಪಗೆ, ಗಟ್ಟಿಯಾಗಿ, ತುರಿಸುತ್ತ ಇರುವುದು ಸಹಜ. ವರ್ಷ ಒಂದೂವರೆ ವರ್ಷದಲ್ಲಿ ಅದು ಮೆತ್ತಗಾಗಿ ಬಣ್ಣ ಕಳೆದುಕೊಳ್ಳುತ್ತದೆ. ಹಸಿ ಗಾಯಕ್ಕೆ ಅರಿಸಿನ, ಬೂದಿ, ಎಣ್ಣೆ ಏನನ್ನೂ ಹಚ್ಚಬಾರದು. ಕಿವಿ ಚುಚ್ಚಿಸಿದಲ್ಲಿ ಈ ಮೊದಲು ಗಂಟು ಬೆಳೆದಿದ್ದರೆ ಶಸ್ತ್ರಕ್ರಿಯೆಗೆ ಮುಂಚೆಯೇ ವೈದ್ಯರಿಗೆ ತಿಳಿಸಬೇಕು. ಅಂಥವರ ಕಲೆ ಉಬ್ಬುವ ಸಂಭವ ಹೆಚ್ಚು. ಅದಕ್ಕೆ ಸಿಲಿಕೋನ್ ಪಟ್ಟಿ, ಚುಚ್ಚುಮದ್ದು ಮುಂತಾದ ಉಪಾಯಗಳಿವೆ. ಮಾಗಿದ ಕಲೆಯಲ್ಲಿ ಹೊಸ ಗಂಟೋ ಹುಣ್ಣೋ ಕಂಡರೆ ಒಂದು ದಿನವೂ ಕಾಯಬಾರದು.

ಕಂಕುಳಿನ ಕಲೆಯದು ಬೇರೆಯೇ ಕಥೆ. ಅಲ್ಲಿನ ಮಡಿಕೆಯ ಗುಂಟ ಛೇದ ಹಾಕಿದರೆ ತೋಳು ಸಲೀಸಾಗಿ ಏಳುತ್ತದೆ. ಮಡಿಕೆಯನ್ನು ದಾಟಿ ಅಡ್ಡ ಕೊಯ್ದರೆ ಕಲೆ ಒಣಗುತ್ತ ಹಗ್ಗದಂತೆ ಬಿಗಿದು ತೋಳನ್ನು ಹಿಡಿದಿಡುತ್ತದೆ. ರೊಟ್ಟಿ ಬಡಿಯುವ, ಕಂಡಿಕೆ ಸುತ್ತುವ, ಕೊಡ ಎತ್ತುವ ಹೆಣ್ಣುಮಗಳಿಗೆ ತೋಳೇ ಜೀವನ. ಆದ್ದರಿಂದ ವೈದ್ಯರು ಹೇಳಿಕೊಟ್ಟ ತೋಳಿನ ವ್ಯಾಯಾಮವನ್ನು ಅವರು ಹೇಳಿದ ದಿನದಿಂದಲೇ ತಪ್ಪದೆ ಮಾಡಿಸಬೇಕು. ತೋಳು ಬಾತುಕೊಂಡರೆ ಕೂಡಲೇ ತೋರಿಸಬೇಕು.

ಚಿಕಿತ್ಸೆಗೆ ದಾರಿ ಇಲ್ಲವೆಂದಲ್ಲ. ಬಾಗಲಕೋಟೆಯ ನವನಗರದಲ್ಲಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಿದೆ. ಹುಬ್ಬಳ್ಳಿಯ ನವನಗರದಲ್ಲಿ ಕ್ಯಾನ್ಸರಿಗೆಂದೇ ಆಸ್ಪತ್ರೆಯಿದೆ. ಬೆಂಗಳೂರಿನಲ್ಲಿ 1973ರಲ್ಲಿ ಆರಂಭವಾದ ಕಿದ್ವಾಯಿ ಸಂಸ್ಥೆಯಿದೆ. ಎಲ್ಲಿಗೇ ಹೋದರೂ ಜೊತೆಗೆ ಹೋಗುವವರು ನಾಲ್ಕು ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಲಿ. ಸೂಜಿ ಪರೀಕ್ಷೆ ಆಗಿದೆಯೇ? ಸ್ತನವನ್ನು ಉಳಿಸಲು ಬರುತ್ತದೆಯೇ, ಬರದಿದ್ದರೆ ಏಕೆ? ಛೇದ ಎಲ್ಲಿ ಬೀಳುತ್ತದೆ, ಗೆರೆ ಎಳೆದು ತೋರಿಸುವಿರಾ? ತೋಳಿನ ವ್ಯಾಯಾಮ ಎಂದಿನಿಂದ?

ಇವನ್ನು ಕೇಳಿದರೆ ಒಳ್ಳೆಯ ವೈದ್ಯರು ಬೇಸರಪಡುವುದಿಲ್ಲ. ಖಣ ಕತ್ತರಿಸುವ ಮುಂಚೆ ದರ್ಜಿಯನ್ನು ನಾಲ್ಕು ಮಾತು ಕೇಳುವ ನಮ್ಮ ತಾಯಂದಿರು ತಮ್ಮ ಮೈಯ ಬಗ್ಗೆ ಮಾತ್ರ ಬಾಯಿ ಕಟ್ಟಿಕೊಂಡು ಕೂರುತ್ತಾರೆ. ಅವರ ಪರವಾಗಿ ಆ ಮಾತನ್ನು ಆಡುವುದು ಓದಿದ ಮಕ್ಕಳ ಕೆಲಸ.