ಕರೆಂಟ್ ಫ್ರೀ ಇದೆ ಅಂತ ಸ್ಲೋ ಕುಕ್ಕರ್ ತರಬೇಡಿ

ಬೆಳಗ್ಗೆ ಕಾಳು, ನೀರು, ಈರುಳ್ಳಿ, ಖಾರ ಹಾಕಿ. ಸ್ವಿಚ್ ಒತ್ತಿ. ತೋಟಕ್ಕೆ ಹೋಗಿ. ಸಂಜೆ ಬಂದಾಗ ಸಾರು ರೆಡಿ.

ಮೊಬೈಲ್‌ನಲ್ಲಿ ಬರುವ ಸ್ಲೋ ಕುಕ್ಕರ್ ವಿಡಿಯೋಗಳು ಹೇಳುವುದು ಇಷ್ಟೇ. ಅಡಿಕೆ ಕೊಯ್ಲು ಶುರುವಾದರೆ ರಾತ್ರಿ ಹತ್ತಾದರೂ ಸುಲಿಯುವ ಕೆಲಸ ಮುಗಿಯದ ಚನ್ನಗಿರಿ ಸೀಮೆಯಲ್ಲಿ ಈ ಮಾತಿಗೆ ಯಾರ ಮನಸ್ಸಾದರೂ ಕರಗುತ್ತದೆ. ಅದರ ಜೊತೆ ಮನೆಯಲ್ಲಿ ಇನ್ನೊಂದು ಮಾತು ಸೇರಿಕೊಳ್ಳುತ್ತದೆ: "ಹೆಂಗೂ ಕರೆಂಟ್ ಫ್ರೀ ಐತಲ್ಲ, ತಗೊಂಡ್ರಾಯ್ತು."

ನಮ್ಮ ತಕರಾರು ಇರುವುದು ಈ ಎರಡನೇ ಮಾತಿನ ಮೇಲೆ. ಸ್ಲೋ ಕುಕ್ಕರ್ ಕೆಟ್ಟ ಪಾತ್ರೆಯಲ್ಲ. ಆದರೆ ಅದು ನಮ್ಮ ಮನೆಯ ಲೆಕ್ಕಕ್ಕೆ ಕೂರುವುದಿಲ್ಲ.

ಮೀಟರ್ ಏನು ಹೇಳುತ್ತದೆ?

ಸಾಮಾನ್ಯ ಗಾತ್ರದ ಸ್ಲೋ ಕುಕ್ಕರ್ ಸುಮಾರು 200 ವ್ಯಾಟ್‌ನದು. ಮಿಕ್ಸಿಗಿಂತ ಕಡಿಮೆ ಅಂತ ಅಂಗಡಿಯವರು ಹೇಳುತ್ತಾರೆ. ಅದು ನಿಜ. ಆದರೆ ಮಿಕ್ಸಿ ಓಡುವುದು ಐದು ನಿಮಿಷ, ಇದು ಓಡುವುದು ಎಂಟು ಗಂಟೆ. 200 ವ್ಯಾಟ್ ಎಂಟು ಗಂಟೆ ಉರಿದರೆ 1.6 ಯೂನಿಟ್. ದಿನಾ ಇಟ್ಟರೆ ತಿಂಗಳಿಗೆ 48 ಯೂನಿಟ್.

ಈಗ ಗೃಹಜ್ಯೋತಿ ನೋಡೋಣ. 2023ರ ಆಗಸ್ಟ್‌ನಲ್ಲಿ ಯೋಜನೆ ಶುರುವಾದಾಗ "200 ಯೂನಿಟ್ ಫ್ರೀ" ಅನ್ನುವ ಮಾತು ಎಲ್ಲರ ಕಿವಿಗೂ ಬಿತ್ತು. ಆದರೆ ಎಲ್ಲ ಮನೆಗೂ 200 ಸಿಗುವುದಿಲ್ಲ. 2022-23ರಲ್ಲಿ ನಿಮ್ಮ ಮನೆ ತಿಂಗಳಿಗೆ ಸರಾಸರಿ ಎಷ್ಟು ಬಳಸಿತ್ತೋ ಅದಕ್ಕೆ ಶೇ 10 ಸೇರಿಸಿ ನಿಮ್ಮ ಪಾಲು ನಿಗದಿ ಮಾಡಿದರು. ತೀರಾ ಕಡಿಮೆ ಬಳಸುವ ಮನೆಗಳಿಗೆ ಆಮೇಲೆ ಸ್ವಲ್ಪ ಬೇರೆ ಲೆಕ್ಕ ಬಂತು. ಉಳಿದವರಿಗೆ ಇದೇ ಲೆಕ್ಕ. ನಿಮ್ಮ ಪಾಲು ದಾಟಿದರೆ ಹೆಚ್ಚಾದ ಯೂನಿಟ್‌ಗೆ ದುಡ್ಡು ಕಟ್ಟಬೇಕು. 200 ದಾಟಿದರೆ ಆ ತಿಂಗಳ ಪೂರ್ತಿ ಬಿಲ್ ಕಟ್ಟಬೇಕು.

ಒಂದು ಮನೆಯ ಸರಾಸರಿ 60 ಯೂನಿಟ್ ಇತ್ತು ಅನ್ನಿ. ಪಾಲು 66. ಫ್ಯಾನು, ಲೈಟು, ಟಿವಿ, ಮಿಕ್ಸಿಗೆ ಈಗಲೂ 60 ಹೋಗುತ್ತಿದ್ದರೆ ಉಳಿಯುವುದು 6 ಯೂನಿಟ್. ಸ್ಲೋ ಕುಕ್ಕರ್‌ಗೆ ಅದು ನಾಲ್ಕು ದಿನಕ್ಕೂ ಸಾಲದು. ಐದನೇ ದಿನದ ಸಾರಿನಿಂದ ನೀವು ದುಡ್ಡು ಕೊಟ್ಟು ಉಣ್ಣುತ್ತಿದ್ದೀರಿ.

ಇನ್ನೊಂದು ಮನೆ ದೊಡ್ಡದು. ಫ್ರಿಡ್ಜ್ ಇದೆ, ಗೀಸರ್ ಇದೆ, ತಿಂಗಳಿಗೆ 175 ಯೂನಿಟ್ ಬಳಕೆ. ಈಗ ಸೊನ್ನೆ ಬಿಲ್. ಅದಕ್ಕೆ 48 ಸೇರಿದರೆ 223. 200 ದಾಟಿತು. ಯೂನಿಟ್‌ಗೆ 6 ರೂಪಾಯಿ ಅಂತ ಹಿಡಿದರೂ 1,300 ರೂಪಾಯಿ ಮೇಲೆ ಬಿಲ್, ಜೊತೆಗೆ ನಿಗದಿತ ಶುಲ್ಕ. ಕಾಳು ಬೇಯಿಸಲು ಹೋಗಿ ಮನೆಯ ಫ್ರೀ ಕರೆಂಟನ್ನೇ ಕಳೆದುಕೊಂಡ ಹಾಗೆ.

ಪುಕ್ಕಟೆ ಸಿಕ್ಕರೆ ನನಗೊಂದು ನಮ್ಮಪ್ಪನಿಗೊಂದು ಅನ್ನುವ ಮಾತಿದೆ. ಗೃಹಜ್ಯೋತಿಯಲ್ಲಿ ಅಪ್ಪನ ಪಾಲು ಇಲ್ಲ. ಬೆಸ್ಕಾಂ ಬಿಲ್ ತೆಗೆದು ನಿಮ್ಮ ಪಾಲು ಎಷ್ಟು, ಬಳಕೆ ಎಷ್ಟು ಅಂತ ಮೊದಲು ಓದಿ. ಎರಡರ ನಡುವೆ ಅಂತರ ಎಷ್ಟಿದೆಯೋ ನಿಮ್ಮ ಫ್ರೀ ಕರೆಂಟ್ ಅಷ್ಟೇ.

ಗ್ಯಾಸಿಗೆ ಹೋಲಿಸಿ ನೋಡಿ

"ಗ್ಯಾಸ್ ದುಬಾರಿ, ಅದಕ್ಕಿಂತ ಇದೇ ವಾಸಿ" ಅನ್ನುವವರಿಗೆ ಇನ್ನೊಂದು ಲೆಕ್ಕ. ಮನೆಯ ಬರ್ನರ್ ಗಂಟೆಗೆ ಸುಮಾರು 150 ಗ್ರಾಂ ಗ್ಯಾಸ್ ಸುಡುತ್ತದೆ. ರಾತ್ರಿ ನೆನೆಸಿದ ಹುರುಳಿಕಾಳು ಪ್ರೆಶರ್ ಕುಕ್ಕರ್‌ನಲ್ಲಿ 20 ನಿಮಿಷಕ್ಕೆ ಬೇಯುತ್ತದೆ. ಅಂದರೆ 50 ಗ್ರಾಂ. 14.2 ಕೆಜಿ ಸಿಲಿಂಡರ್‌ಗೆ 900 ರೂಪಾಯಿ ಅಂತ ಹಿಡಿದರೆ ಇದಕ್ಕೆ ತಗಲುವ ಖರ್ಚು 3 ರೂಪಾಯಿ ಚಿಲ್ಲರೆ. ಪಾಲು ದಾಟಿದ ಮೇಲೆ ಸ್ಲೋ ಕುಕ್ಕರ್‌ನ 1.6 ಯೂನಿಟ್‌ಗೆ 9 ರೂಪಾಯಿ 60 ಪೈಸೆ. ಮೂರು ಪಟ್ಟು.

ಕಾರಣ ಸರಳ. ನೀರು ಕುದಿಯುವುದು 100 ಡಿಗ್ರಿಯಲ್ಲಿ. ಪ್ರೆಶರ್ ಕುಕ್ಕರ್ ಒಳಗೆ ಹಬೆ ಕೂಡಿ 120 ಡಿಗ್ರಿಯವರೆಗೆ ಹೋಗುತ್ತದೆ, ಕಾಳು ಬೇಗ ಮೆತ್ತಗಾಗುತ್ತದೆ. ಸ್ಲೋ ಕುಕ್ಕರ್ 100ರ ಹತ್ತಿರ ಹೋಗುವುದಕ್ಕೇ ಗಂಟೆಗಟ್ಟಲೆ ತೆಗೆದುಕೊಳ್ಳುತ್ತದೆ. ಅಷ್ಟು ಹೊತ್ತೂ ಅದರ ಮೈಯಿಂದ ಬಿಸಿ ಹೊರಗೆ ಹೋಗುತ್ತಲೇ ಇರುತ್ತದೆ. ಹೊರಗೆ ಹೋದ ಬಿಸಿಗೂ ಮೀಟರ್ ಓಡುತ್ತದೆ.

ಕರೆಂಟ್ ಹೋದರೆ?

ಈ ಯಂತ್ರಕ್ಕೆ ಎಂಟು ಗಂಟೆ ಬಿಡದೆ ಕರೆಂಟ್ ಬೇಕು. ಊರೊಳಗಿನ ಮನೆಗಳಿಗೆ ನಿರಂತರ ಜ್ಯೋತಿ ಬಂದ ಮೇಲೆ ಪರಿಸ್ಥಿತಿ ಸುಧಾರಿಸಿದೆ ನಿಜ. ಆದರೂ ಮಳೆಗಾಲದಲ್ಲಿ ಒಂದು ಗಾಳಿ ಬೀಸಿದರೆ, ಲೈನ್ ಮೇಲೆ ತೆಂಗಿನ ಗರಿ ಬಿದ್ದರೆ ಎಷ್ಟು ಹೊತ್ತಿಗೆ ಬರುತ್ತದೆ ಅಂತ ಯಾರು ಹೇಳಬೇಕು? ತೋಟದ ಮನೆಯಲ್ಲಿ ಇರುವವರಿಗಂತೂ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಬೇಯುತ್ತಿದ್ದ ಸಾರು 60 ಡಿಗ್ರಿಗಿಂತ ಕೆಳಗಿಳಿದು ಉಗುರುಬೆಚ್ಚಗೆ ಕೂತರೆ ರೋಗಾಣು ಬೆಳೆಯಲು ಅದಕ್ಕಿಂತ ಒಳ್ಳೆ ಜಾಗ ಇಲ್ಲ. ನೀವು ಮನೆಯಲ್ಲಿದ್ದರೆ ಒಲೆಗೆ ಇಡುತ್ತೀರಿ. ತೋಟದಲ್ಲಿದ್ದರೆ ಗೊತ್ತೇ ಆಗುವುದಿಲ್ಲ. ಹನ್ನೊಂದಕ್ಕೆ ಹೋದ ಕರೆಂಟ್ ಎರಡಕ್ಕೆ ಬಂದು, ಸಂಜೆ ನೀವು ಮುಚ್ಚಳ ತೆಗೆದಾಗ ಸಾರು ಬಿಸಿಯಾಗಿಯೇ ಇರುತ್ತದೆ. ನಡುವೆ ಏನಾಯಿತು ಅಂತ ಪಾತ್ರೆ ಹೇಳುವುದಿಲ್ಲ.

ಇದಕ್ಕಿಂತ ದೊಡ್ಡ ಅಪಾಯ ರಾಜ್ಮಾದ್ದು. ಹಸಿ ರಾಜ್ಮಾದಲ್ಲಿ ಫೈಟೋಹಿಮಾಗ್ಲುಟಿನಿನ್ ಅನ್ನುವ ವಿಷವಸ್ತು ಇದೆ. ನಾಲ್ಕೈದು ಕಾಳು ಸರಿಯಾಗಿ ಬೇಯದೆ ಹೊಟ್ಟೆಗೆ ಹೋದರೂ ಕೆಲವೇ ಗಂಟೆಯಲ್ಲಿ ವಾಂತಿ ಭೇದಿ ಶುರುವಾಗಬಹುದು. ನೆನೆಸಿದ ನೀರು ಚೆಲ್ಲಿ, ಹೊಸ ನೀರಿನಲ್ಲಿ ಕನಿಷ್ಠ 10 ನಿಮಿಷ ಕೊತಕೊತ ಕುದಿಸಿದರೆ ಅದು ನಾಶವಾಗುತ್ತದೆ. ಸ್ಲೋ ಕುಕ್ಕರ್‌ನಲ್ಲಿ ನೇರವಾಗಿ ಹಾಕಿ 80 ಡಿಗ್ರಿಯ ಆಸುಪಾಸಿನಲ್ಲಿ ಬೇಯಿಸಿದರೆ ವಿಷ ಕಡಿಮೆಯಾಗುವ ಬದಲು ಹೆಚ್ಚಾಗಲೂಬಹುದು. ಕಾಳು ಮುಟ್ಟಿದರೆ ಮೆತ್ತಗಿರುತ್ತದೆ, ಬೆಂದಿದೆ ಅನಿಸುತ್ತದೆ. ಹಾಗಾಗಿ ಸ್ಲೋ ಕುಕ್ಕರ್ ಇಟ್ಟುಕೊಂಡವರೂ ರಾಜ್ಮಾವನ್ನು ಮೊದಲು ಒಲೆ ಮೇಲೆ ಕುದಿಸಲೇಬೇಕು. "ಸ್ವಿಚ್ ಒತ್ತಿ ಹೋಗಿ" ಅನ್ನುವ ವಿಡಿಯೋದಲ್ಲಿ ಈ ಮಾತನ್ನು ಎಷ್ಟು ಜನ ಹೇಳುತ್ತಾರೆ?

ಇದು ಹುಟ್ಟಿದ್ದು ಉಳಿದ ಬಿಸಿಯಿಂದ

ಈ ಯಂತ್ರದ ಹಿಂದೆ ಒಂದು ಒಳ್ಳೆ ಕಥೆ ಇದೆ. ಅಮೆರಿಕದ ಇರ್ವಿಂಗ್ ನ್ಯಾಕ್ಸನ್ ಅನ್ನುವವರು 1940ರಲ್ಲಿ ಇದಕ್ಕೆ ಪೇಟೆಂಟ್ ಪಡೆದರು. ಅವರ ತಾಯಿಯ ಕಡೆಯವರು ಲಿಥುವೇನಿಯಾದ ಯಹೂದಿಗಳು. ಶನಿವಾರ ಅವರ ಧರ್ಮದಲ್ಲಿ ಒಲೆ ಹಚ್ಚುವಂತಿಲ್ಲ. ಹಾಗಾಗಿ ಶುಕ್ರವಾರ ಸಂಜೆ ಕಾಳು, ಮಾಂಸ ತುಂಬಿದ ಗಡಿಗೆಯನ್ನು ಊರಿನ ಬೇಕರಿಗೆ ಒಯ್ದು ಇಡುತ್ತಿದ್ದರು. ಬ್ರೆಡ್ ಸುಟ್ಟು ಮುಗಿದ ಒಲೆ ಆರುತ್ತಾ ಆರುತ್ತಾ ರಾತ್ರಿಯಿಡೀ ಅದನ್ನು ಬೇಯಿಸುತ್ತಿತ್ತು. ಅಮ್ಮ ಹೇಳಿದ ಈ ಕಥೆ ಕೇಳಿ ನ್ಯಾಕ್ಸನ್ ವಿದ್ಯುತ್ ಗಡಿಗೆ ಮಾಡಿದರು. 1971ರಲ್ಲಿ ಅದು ಕ್ರಾಕ್-ಪಾಟ್ ಅನ್ನುವ ಹೆಸರಲ್ಲಿ ಮಾರುಕಟ್ಟೆಗೆ ಬಂತು. ಬೆಳಗ್ಗೆ ಕೆಲಸಕ್ಕೆ ಹೋಗಿ ಸಂಜೆ ಬರುವ ಅಲ್ಲಿನ ಹೆಂಗಸರಿಗೆ ಅನುಕೂಲವೂ ಆಯಿತು.

ಗಮನಿಸಿ. ಮೂಲದ ಅಡುಗೆಗೆ ಹೊಸದಾಗಿ ಸೌದೆ ಸುಡುತ್ತಿರಲಿಲ್ಲ. ಬೇರೆ ಕೆಲಸಕ್ಕೆ ಹಚ್ಚಿದ ಬೆಂಕಿಯ ಉಳಿದ ಬಿಸಿ ಸಾಕಾಗುತ್ತಿತ್ತು. ಇದು ನಮಗೇನು ಹೊಸದಲ್ಲ. ಮುದ್ದೆ ತೊಳೆಸಿ ಇಳಿಸಿದ ಮೇಲೆ ಕೆಂಡದ ಮೇಲೆ ಹಾಲಿನ ಗಡಿಗೆ ಇಟ್ಟು ಕೆನೆಗಟ್ಟಿಸಿದ ಊರುಗಳು ನಮ್ಮವು. ಆ ಬುದ್ಧಿಯನ್ನೇ ತಿರುಗಿ ತಂತಿ ಸುತ್ತಿ, ಬೆಲೆ ಚೀಟಿ ಅಂಟಿಸಿ ನಮಗೆ ಮಾರುತ್ತಿದ್ದಾರೆ.

ಹಾಗಾದರೆ ಏನು ಮಾಡೋದು?

ಮೊದಲನೆಯದು, ನೆನೆಹಾಕುವುದು. ಕಾಳು ಅಡುಗೆಯಲ್ಲಿ ಸಮಯ, ಗ್ಯಾಸ್ ಎರಡನ್ನೂ ಉಳಿಸುವುದು ಇದೇ. ಒಂದು ಪೈಸೆ ಖರ್ಚಿಲ್ಲ.

ಎರಡನೆಯದು, ಒಳ್ಳೆ ಪ್ರೆಶರ್ ಕುಕ್ಕರ್. ಸ್ಲೋ ಕುಕ್ಕರ್‌ಗೆ ಹಾಕುವ ಸಾವಿರಗಟ್ಟಲೆ ದುಡ್ಡಿನಲ್ಲಿ ಒಂದು ಭಾಗ ಇದಕ್ಕೆ ಹಾಕಿ. 2021ರ ಫೆಬ್ರವರಿಯಿಂದ ಮನೆಬಳಕೆಯ ಪ್ರೆಶರ್ ಕುಕ್ಕರ್‌ಗೆ ಐಎಸ್‌ಐ ಗುರುತು ಕಡ್ಡಾಯ. ಸಂತೆಯಲ್ಲೋ ಆನ್‌ಲೈನ್‌ನಲ್ಲೋ ಅಗ್ಗಕ್ಕೆ ಸಿಗುವುದನ್ನು ಗುರುತು ನೋಡದೆ ತರಬೇಡಿ. ರಬ್ಬರ್ ಗ್ಯಾಸ್ಕೆಟ್ ಸಡಿಲವಾದರೆ ಬದಲಾಯಿಸಿ. ಕೂಗು ಮುಗಿದ ಮೇಲೆ ಹಬೆ ತಾನಾಗಿ ಇಳಿಯಲು ಬಿಡಿ. ಒಲೆ ಆರಿದ ಮೇಲೂ ಕಾಳು ಒಳಗೆ ಬೇಯುತ್ತಲೇ ಇರುತ್ತದೆ.

ಮೂರನೆಯದು, ಹುಲ್ಲಿನ ಬುಟ್ಟಿ. ಭದ್ರಾ ನಾಲೆಯ ಭತ್ತದ ಸೀಮೆಯಲ್ಲಿ ಹುಲ್ಲಿಗೇನು ಬರ? ದೊಡ್ಡ ಬುಟ್ಟಿ ಇಲ್ಲವೇ ಗಟ್ಟಿ ರಟ್ಟಿನ ಪೆಟ್ಟಿಗೆಯಲ್ಲಿ ಒಣಗಿದ ಭತ್ತದ ಹುಲ್ಲು ಒತ್ತಿ ತುಂಬಿ. ಪಾತ್ರೆ ಕೂರುವಷ್ಟು ಗೂಡು ಮಾಡಿ. ತಳದಲ್ಲಿ, ಸುತ್ತಲೂ ಅರ್ಧ ಗೇಣಾದರೂ ಹುಲ್ಲು ಇರಲಿ. ನೆನೆಸಿದ ಕಾಳನ್ನು ಒಲೆ ಮೇಲೆ 15 ನಿಮಿಷ ಚೆನ್ನಾಗಿ ಕುದಿಸಿ, ಮುಚ್ಚಳ ಬಿಗಿಯಾಗಿ ಮುಚ್ಚಿ, ಕುದಿಯುತ್ತಿರುವಾಗಲೇ ಇಳಿಸಿ ಗೂಡಿನಲ್ಲಿಡಿ. ಮೇಲೆ ಹಳೆ ಕೌದಿಯನ್ನೋ ಕಂಬಳಿಯನ್ನೋ ಹೊದಿಸಿ. ಪಾತ್ರೆ ಮುಕ್ಕಾಲು ತುಂಬಿರಲಿ, ಕಾಲು ತುಂಬಿದ್ದರೆ ಬೇಗ ಆರುತ್ತದೆ. ನಾಲ್ಕು ಗಂಟೆ ಬಿಟ್ಟು ತೆಗೆದು, ಮತ್ತೊಮ್ಮೆ ಕುದಿಸಿ ಒಗ್ಗರಣೆ ಹಾಕಿ. ಯುರೋಪಿನಲ್ಲಿ ಯುದ್ಧಕಾಲದಲ್ಲಿ ಉರುವಲಿಗೆ ಬರ ಬಂದಾಗ ಮನೆಮನೆಯಲ್ಲಿ ಮಾಡಿದ್ದು ಇದನ್ನೇ.

ಇದಕ್ಕೂ ಮಿತಿ ಇದೆ. ಬೆಳಗ್ಗೆ ಇಟ್ಟಿದ್ದನ್ನು ಸಂಜೆವರೆಗೆ ಬಿಡುವಂತಿಲ್ಲ. ಸಂಜೆಯೇ ಮನೆಗೆ ಬರುವವರು ಬೆಳಗ್ಗೆ ಹೋಗುವಾಗ ಕಾಳು ತಂಪು ಜಾಗದಲ್ಲಿ ನೆನೆಹಾಕಿ ಹೋಗಿ, ಬಂದು 20 ನಿಮಿಷ ಕುಕ್ಕರ್ ಇಡುವುದೇ ವಾಸಿ.

ನಿಜವಾದ ಪ್ರಶ್ನೆ ಬೇರೆ ಇದೆ

ಕಾಳು ಬೇಯಿಸುವುದು ನಮ್ಮ ಅಡುಗೆಯಲ್ಲಿ ಒಂದು ಪಾಲು ಮಾತ್ರ. ಮುದ್ದೆ ತೊಳೆಸಬೇಕು. ರೊಟ್ಟಿ ತಟ್ಟಬೇಕು. ಖಾರ ರುಬ್ಬಬೇಕು. ಪಾತ್ರೆ ತೊಳೆಯಬೇಕು. ಇದರಲ್ಲಿ ಯಾವುದನ್ನೂ ಸ್ಲೋ ಕುಕ್ಕರ್ ಮಾಡುವುದಿಲ್ಲ. ಒಲೆ ಮೇಲೆ ತಾನಾಗಿ ಬೇಯುವ, ಯಾರೂ ಕೈಯಾಡಿಸಬೇಕಿಲ್ಲದ ಒಂದೇ ಒಂದು ಕೆಲಸವನ್ನು ಅದು ಮಾಡುತ್ತದೆ.

1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎ.ಕೆ.ಎನ್. ರೆಡ್ಡಿ ಅವರು ಅಸ್ತ್ರ ಅನ್ನುವ ವಿಭಾಗ ಕಟ್ಟಿದರು. ಹಳ್ಳಿಗೆ ಏನು ಬೇಕು ಅಂತ ಕೇಳಿ ಯಂತ್ರ ಮಾಡುವುದು ಅದರ ಉದ್ದೇಶ. ಅಲ್ಲಿಂದ ಬಂದ ಅಸ್ತ್ರ ಒಲೆಯನ್ನು ನಿಮ್ಮ ಮನೆಯ ಹಿರಿಯರು ನೋಡಿರಬಹುದು. ಒಂದೇ ಉರಿಗೆ ಮೂರು ಪಾತ್ರೆ, ಹೊಗೆಗೆ ಕೊಳವೆ, ಸೌದೆ ಉಳಿತಾಯ. ಅದನ್ನು ಮಾಡಿದವರು ಮೊದಲು ಅಡುಗೆಮನೆಯಲ್ಲಿ ಕೂತಿರುವವಳ ಕಣ್ಣಿನ ಹೊಗೆ ನೋಡಿದ್ದರು. ಯಾವುದೇ ಯಂತ್ರ ಮನೆಗೆ ಬರುವ ಮುಂಚೆ ಕೇಳಬೇಕಾದ ಪ್ರಶ್ನೆ ಅದೇ: ಯಾರ ಯಾವ ಕಷ್ಟ ಇದರಿಂದ ಕಡಿಮೆಯಾಗುತ್ತದೆ?

ಅಡಿಕೆ ಕಾಲದಲ್ಲಿ ಹೆಂಗಸರು ಹಗಲು ಕೂಲಿ ಮಾಡಿ, ರಾತ್ರಿ ಸುಲಿದು, ನಡುವೆ ಅಡುಗೆಯನ್ನೂ ಮಾಡುತ್ತಾರೆ. ಅವರಿಗೆ ಬಿಡುವು ಕೊಡಬೇಕು ಅನ್ನುವ ಗಂಡಸರಿಗೆ ಒಂದು ಮಾತು. ಸುಲಿಯುವ ಮೆಷಿನ್ ಬಂದಾಗ ಅವರ ಬೆರಳು ನಿಜವಾಗಿ ಉಳಿದವು. ಸ್ಲೋ ಕುಕ್ಕರ್‌ನಿಂದ ಹಾಗೆ ಏನೂ ಉಳಿಯುವುದಿಲ್ಲ. ರಾತ್ರಿ ಕಾಳು ನೆನೆಹಾಕುವುದು, ಬೆಳಗ್ಗೆ ಕುಕ್ಕರ್ ಇಟ್ಟು ಕೂಗು ಎಣಿಸುವುದು ಯಾವ ಗಂಡಸಿಗೂ ಕಷ್ಟದ ವಿದ್ಯೆಯಲ್ಲ.

ಆದರೂ ಬೇಕು ಅನ್ನುವವರಿಗೆ

ಬೇಕಾಗುವ ಮನೆಗಳೂ ಇವೆ. ಹಲ್ಲಿಲ್ಲದ ಹಿರಿಯರಿಗೆ ದಿನಾ ಮೆತ್ತನೆ ಗಂಜಿ ಬೇಕು, ಕಾಲು ಸೂಪ್ ಬೇಕು, ಮನೆಯಲ್ಲಿ ಒಬ್ಬರಾದರೂ ಇರುತ್ತಾರೆ, ಬಿಲ್‌ನಲ್ಲಿ ಯೂನಿಟ್ ಉಳಿದಿದೆ. ಅಂಥವರು ತನ್ನಿ. ಒಳಪಾತ್ರೆ ಬೇರೆ ತೆಗೆದು ತೊಳೆಯುವಂತಿರಲಿ. ಮೂರು ಪಿನ್ನಿನ ಪ್ಲಗ್, ಮನೆಗೆ ಸರಿಯಾದ ಅರ್ತಿಂಗ್ ಇರಲಿ. ತಿರುಗಿಸುವ ಗುಬ್ಬಿ ಇರುವುದು ಕರೆಂಟ್ ಹೋಗಿ ಬಂದರೆ ತಾನೇ ಶುರುವಾಗುತ್ತದೆ, ಬಟನ್ ಒತ್ತುವ ಡಿಜಿಟಲ್ ಮಾದರಿಗಳಲ್ಲಿ ಹಲವು ಆಫ್ ಆಗಿಯೇ ಉಳಿಯುತ್ತವೆ. ರಿಪೇರಿ ದಾವಣಗೆರೆಯಲ್ಲೋ ಶಿವಮೊಗ್ಗದಲ್ಲೋ ಆಗುತ್ತದೆಯೇ ಅಂತ ಕೊಳ್ಳುವ ಮುಂಚೆ ಕೇಳಿ.

ಉಳಿದವರು ಇವತ್ತು ರಾತ್ರಿ ಎರಡು ಕೆಲಸ ಮಾಡಿ. ಕಳೆದ ತಿಂಗಳ ಕರೆಂಟ್ ಬಿಲ್ ಹುಡುಕಿ ಓದಿ. ಮಲಗುವ ಮುಂಚೆ ಎರಡು ಹಿಡಿ ಹುರುಳಿಕಾಳು ನೆನೆಹಾಕಿ. ನಾಳೆ ಸಾರೂ ಆಗುತ್ತದೆ, ಲೆಕ್ಕವೂ ಗೊತ್ತಾಗುತ್ತದೆ.